ಭವ್ಯಳ ಪಥ್ಯ ಮುರಿದದ್ದು

ಹಿತ್ತಿಲಲ್ಲಿ ಸಿಕ್ಕಿದ ಆ ಮೊಟ್ಟೆಯ ಸಿಪ್ಪೆ ನನ್ನದು. ನಾಗರತ್ನಳದಲ್ಲ, ಅವಳ ಮಗಳು ತಿಂದ ಮೊಟ್ಟೆಯದೂ ಅಲ್ಲ. ನಾನು ತಿಂದು ನಾನೇ ಬೀಳಿಸಿದ್ದು. ಹಾಗೆಂದು ಹೇಳಬೇಕಾಗಿದ್ದ ದಿನ ನಾನು ಮಹಡಿಯ ಕಡೆ ಕೈ ತೋರಿಸಿದೆ. ಒಂದು ಸಂಸಾರ ಮನೆ ಖಾಲಿ ಮಾಡಿತು, ಒಂದು ಮಗುವಿನ ಪಥ್ಯ ಮುರಿಯಿತು. ಆಮೇಲೆ ಆದದ್ದಕ್ಕೆಲ್ಲ ನಾನೇ ಕಾರಣ ಎನ್ನುವಷ್ಟು ವೈದ್ಯ ನನಗೆ ತಿಳಿಯದು. ಕಾರಣ ಅಲ್ಲ ಎನ್ನುವ ಧೈರ್ಯವೂ ಇಲ್ಲ.

ನಮ್ಮ ಮನೆ ತ್ಯಾಗರಾಜನಗರದಲ್ಲಿ. ಮಾವನವರು ಕಟ್ಟಿಸಿದ್ದು, ಅವರು ಹೋದ ಮೇಲೆ ಅತ್ತೆಯ ಹೆಸರಿಗೆ ಬಂದದ್ದು. ಕೆಳಗೆ ಅತ್ತೆ, ನನ್ನ ಗಂಡ ಶ್ರೀನಿವಾಸ, ನಾನು. ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಅದನ್ನು ಬಾಡಿಗೆಗೆ ಕೊಡುತ್ತಿದ್ದೆವು. ಬಾಡಿಗೆ ಎಷ್ಟು ಎಂದು ಹೇಳುವ ಮೊದಲೇ ಅತ್ತೆ ಕೇಳುತ್ತಿದ್ದ ಪ್ರಶ್ನೆ ಒಂದೇ—ನೀವು ಏನು ತಿನ್ನುತ್ತೀರಿ?

ತೊಂಬತ್ತರ ದಶಕದ ನಡುವಿನಲ್ಲಿ ಶಿವಣ್ಣ ಮತ್ತು ನಾಗರತ್ನ ಮನೆ ಕೇಳಿಕೊಂಡು ಬಂದಾಗಲೂ ಅದೇ ಪ್ರಶ್ನೆ ಬಂತು. ಶಿವಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಂಡ್ಯದ ಕಡೆಯ ಹಳ್ಳಿಯವರು. ಮರೆಮಾಚದೆ ಹೇಳಿದ. "ಊರಿಗೆ ಹೋದ್ರೆ ತಿಂತೀವಿ ಅಮ್ಮ. ಇಲ್ಲಿ ಮನೆ ಒಳಗೆ ಏನೂ ತರಲ್ಲ. ಮಾತು ಅಂದ್ರೆ ಮಾತು." ಅತ್ತೆಗೆ ಆ ನೇರ ಮಾತು ಹಿಡಿಸಿತು. ಅವರ ಮಗಳು ಭವ್ಯ ಆಗ ಐದು ವರ್ಷದವಳು, ಅಪ್ಪನ ಹೆಗಲ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಅದು ಬರೀ ನಿದ್ದೆಯಲ್ಲ, ಫಿಟ್ಸಿನ ಔಷಧಿಯ ಮಂಪರು ಎಂದು ನಮಗೆ ಗೊತ್ತಾದದ್ದು ಅವರು ಬಂದು ಸೇರಿದ ಮೇಲೆ.

ಆ ಮಗುವಿಗೆ ಫಿಟ್ಸ್ ಬರುವುದನ್ನು ಮೊದಲ ಸಲ ನೋಡಿದ್ದು ನಮ್ಮ ಅಂಗಳದಲ್ಲೇ. ಆಡುತ್ತಿದ್ದವಳ ಕಣ್ಣು ಒಂದು ಕಡೆಗೆ ತಿರುಗಿತು, ಕೈಕಾಲು ಸೆಟೆದವು, ನೆಲಕ್ಕೆ ಬಿದ್ದಳು. ನಾಗರತ್ನ ಮಹಡಿಯಿಂದ ಓಡಿ ಬಂದು ಮಗುವನ್ನು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಸೆರಗು ಮಡಚಿಟ್ಟು ಸುಮ್ಮನೆ ಕಾದಳು. ಅಳಲಿಲ್ಲ. ದಿನಕ್ಕೆ ಹಲವು ಸಲ ಕಾದು ಅಭ್ಯಾಸವಾಗಿದ್ದವಳ ಮುಖ ಅದು. ಅತ್ತೆ ಕೂಡ ಅಂದು ದೇವರ ಮನೆಯಿಂದ ತೀರ್ಥ ತಂದು ಮಗುವಿನ ಹಣೆಗೆ ಹಚ್ಚಿದರು. ಅತ್ತೆ ಕಲ್ಲುಮನಸ್ಸಿನವರಲ್ಲ—ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದನ್ನೆಲ್ಲ ಅವರ ಮಡಿಯ ತಲೆಗೆ ಕಟ್ಟಿ ನಾನು ಪಾರಾಗಬಾರದು.

ಔಷಧಿ ಬದಲಾಯಿಸಿ ಬದಲಾಯಿಸಿ ಯಾವುದೂ ನಾಟದೆ ಹೋದಾಗ, ಆಸ್ಪತ್ರೆಯ ಡಾಕ್ಟರು ಒಂದು ಪಥ್ಯ ಹೇಳಿದರು. ಕೀಟೋಜೆನಿಕ್ ಡಯಟ್ ಎಂದು ಅದರ ಹೆಸರು. ಈಗ ಸಣ್ಣಗಾಗಲು ಯಾರ್ಯಾರೋ ಮಾಡುತ್ತಾರಂತೆ. ಆಗ ನಮ್ಮಲ್ಲಿ ಅದನ್ನು ಕೇಳಿದವರೇ ಇರಲಿಲ್ಲ. ಅನ್ನ, ರಾಗಿ, ಸಕ್ಕರೆ, ಬೆಲ್ಲ, ಬಾಳೆಹಣ್ಣು ಎಲ್ಲ ಬಂದ್. ಬೆಣ್ಣೆ, ಕೆನೆ, ಕೊಬ್ಬರಿ ಎಣ್ಣೆ—ಮಗುವಿನ ಹೊಟ್ಟೆಗೆ ಹೆಚ್ಚಾಗಿ ಹೋಗಬೇಕಾದ್ದು ಇವೇ. ಜೊತೆಗೆ ಅಳೆದು ತೂಗಿ ಒಂದಿಷ್ಟು ಮಾಂಸ, ಮೀನು ಅಥವಾ ಮೊಟ್ಟೆ. ಒಂದು ಹಿಡಿ ಸೊಪ್ಪು, ಸೌತೆಕಾಯಿ. ಪಥ್ಯ ಹೇಳಿಕೊಡುವ ಆಸ್ಪತ್ರೆಯ ಹೆಂಗಸು, ಇವರು ಮಾಂಸ ತಿನ್ನುವವರೆಂದು ತಿಳಿದು, ಮೊದಲು ಮಟನ್ ಸೇರಿಸಿಯೇ ಊಟ ಗೊತ್ತು ಮಾಡಿದ್ದಳಂತೆ. ನಾಗರತ್ನ ಅಲ್ಲೇ ಕೂತು ಬೇಡಿಕೊಂಡಿದ್ದಳು.

"ಮಟನ್ ಇಲ್ದಂಗೆ ಮಾಡ್ಕೊಡಿ ಮೇಡಂ ಅಂದೆ ಅಕ್ಕ. ನಾವಿರೋ ಮನೇಲಿ ಆಗಲ್ಲ ಅಂದೆ. ಮಟನ್ ಇಲ್ದೇನೂ ಆಗ್ತದೆ ಅಂದ್ರು. ಮೀನೂ ಬಿಡಿ ಅಂದ್ರು. ಆದ್ರೆ ಮೊಟ್ಟೇನೂ ಬೇಡ ಅಂದ್ರೆ ಈ ಮಗೀಗೆ ಕಷ್ಟ ಆಗ್ತದೆ ಅಂದ್ರು," ಎಂದು ನನಗೆ ಹೇಳಿದಳು.

ಹೇಳಿದ್ದು ನನಗೊಬ್ಬಳಿಗೇ. ನಾನು ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಕೊಟ್ಟ ಹಾಳೆಗಳನ್ನು ಓದಿ ಹೇಳೆಂದು ಬಂದಿದ್ದಳು. ಓದಿ ಹೇಳಿದೆ. ಒಂದು ಚೂರು ಬೆಲ್ಲ ಬಾಯಿಗೆ ಬಿದ್ದರೂ ಪಥ್ಯ ಕೆಡಬಹುದು, ಇದನ್ನು ಊಟವೆನ್ನದೆ ಔಷಧಿಯೆಂದೇ ತಿಳಿಯಬೇಕು, ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸಬಾರದು—ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದವಳು ನಾನೇ. ಅಂದರೆ ನನಗೆ ಗೊತ್ತಿತ್ತು. ಎಲ್ಲವೂ ಗೊತ್ತಿತ್ತು.

"ನಿಮ್ಮತ್ತೆಗೆ ಹೇಳ್ಬಿಡ್ಲಾ ಅಕ್ಕ?" ಎಂದಳು.

"ಬೇಡ. ಒಪ್ಪಲ್ಲ. ನನ್ನ ಬಾಯಿಂದ ಹೊರಗೆ ಬರಲ್ಲ, ನೀನು ಮಾಡ್ಕೋ," ಎಂದೆ.

ಆ 'ಬೇಡ' ಎಂದದ್ದೂ ನಾನೇ.

ಮೊಟ್ಟೆಗಳು ಶಿವಣ್ಣನ ಊಟದ ಕ್ಯಾರಿಯರ್‌ನಲ್ಲಿ ಮಹಡಿ ಹತ್ತುತ್ತಿದ್ದವು. ಅತ್ತೆ ಬೆಳಿಗ್ಗೆ ಪೂಜೆಗೆ ಕೂತು ಊದುಬತ್ತಿ ಹಚ್ಚಿದ ಮೇಲೆ ನಾಗರತ್ನ ಮೊಟ್ಟೆ ಬೇಯಲು ಇಡುತ್ತಿದ್ದಳು. ಸಿಪ್ಪೆಗಳನ್ನು ಪೇಪರಿನಲ್ಲಿ ಸುತ್ತಿ ನನಗೆ ಕೊಡುತ್ತಿದ್ದಳು. ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ ತೊಟ್ಟಿಗೆ ಹಾಕುತ್ತಿದ್ದೆ. ಅಕ್ಕಸಾಲಿಗರ ಹತ್ತಿರ ಇರುವಂಥ ಪುಟ್ಟ ತಕ್ಕಡಿಯೊಂದನ್ನು ಶಿವಣ್ಣ ಎಲ್ಲಿಂದಲೋ ತಂದಿದ್ದ. ನಾಗರತ್ನ ಬೆಣ್ಣೆಯನ್ನು ಚಾಕುವಿನ ತುದಿಯಲ್ಲಿ ಹಾಕಿ ತೆಗೆದು, ಹಾಕಿ ತೆಗೆದು ತೂಗುವಾಗ ಉಸಿರು ಬಿಗಿಹಿಡಿದಿರುತ್ತಿದ್ದಳು. ಮಗು ಮೊದಮೊದಲು ಅತ್ತಿತು, ವಾಂತಿ ಮಾಡಿತು, ಮುದ್ದೆ ಬೇಕೆಂದು ನೆಲಕ್ಕೆ ಬಿದ್ದು ಹೊರಳಿತು. ಗಂಡ ಹೆಂಡತಿ ಇಬ್ಬರೂ ಅವಳ ಕಣ್ಣೆದುರು ಊಟ ಮಾಡುವುದನ್ನೇ ಬಿಟ್ಟರು. ಯುಗಾದಿ ಬಂತು, ಮಾರನೆಯ ದಿನದ ಹೊಸತೊಡಕಿಗೆ ಊರಿಗೆ ಹೋಗಲಿಲ್ಲ. "ಅಲ್ಲಿ ಮಟನ್ ಸಾರಿನ ವಾಸ್ನೆಗೆ ಮಗ ತಡ್ಕೊಳಲ್ಲ ಅಕ್ಕ, ಮುದ್ದೆ ಬೇಕೇ ಬೇಕು ಅಂತದೆ. ಅದು ತಿನ್ನೋಗಂಟ ನಮಗೂ ಬೇಡ," ಎಂದಳು ನಾಗರತ್ನ.

ಮತ್ತು ಫಿಟ್ಸ್ ಕಡಿಮೆಯಾಗತೊಡಗಿತು. ದಿನಕ್ಕೆ ಹಲವು ಸಲ ಬರುತ್ತಿದ್ದದ್ದು ವಾರಕ್ಕೊಮ್ಮೆ ಆಯಿತು. ಆಮೇಲೆ ವಾರಗಳೇ ಕಳೆದವು. ಭವ್ಯಳ ಕಣ್ಣಿಗೆ ಬೆಳಕು ಬಂತು, ಮಾತು ಹೆಚ್ಚಾಯಿತು. ಅತ್ತೆ ಹೂ ಬಿಡಿಸುವಾಗ ಬುಟ್ಟಿ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದಳು. ಅತ್ತೆ ಕೊಟ್ಟ ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕದೆ ತಂದು ಅಮ್ಮನ ಕೈಗೆ ಕೊಡುತ್ತಿದ್ದಳು. ಐದು ವರ್ಷದ ಮಗು.

ಈಗ ನನ್ನ ವಿಷಯಕ್ಕೆ ಬರಬೇಕು.

ಮದುವೆಗೆ ಮುಂಚೆ, ಹಾಸ್ಟೆಲಿನಲ್ಲಿ ಓದುತ್ತಿದ್ದಾಗ, ಗೆಳತಿಯರ ಜೊತೆ ನಾನು ಆಮ್ಲೆಟ್ ತಿನ್ನುತ್ತಿದ್ದೆ. ಯಾರೋ ಹೇಳಿ ಅದು ಅತ್ತೆಯ ಕಿವಿಗೆ ಬಿದ್ದಿತ್ತು. ನಿಶ್ಚಿತಾರ್ಥದ ದಿನವೇ, "ನಮ್ಮನೆಗೆ ಬಂದ ಮೇಲೆ ಅದೆಲ್ಲ ಇಲ್ಲ," ಎಂದಿದ್ದರು. ನಾನು ತಲೆಯಾಡಿಸಿದ್ದೆ. ಮಾತನ್ನು ಉಳಿಸಿಕೊಂಡಿದ್ದೆ ಕೂಡ. ಆದರೂ ಮನೆಯಲ್ಲಿ ಏನಾದರೂ ಮೈಲಿಗೆಯ ಮಾತು ಬಂದರೆ ಅತ್ತೆಯ ಕಣ್ಣು ಒಮ್ಮೆ ನನ್ನ ಮೇಲೆ ಹಾದು ಹೋಗುತ್ತಿತ್ತು. ಅಷ್ಟೇ. ಮಾತಿಲ್ಲ. ಆ ನೋಟಕ್ಕೆ ನಾನು ಎಷ್ಟು ಹೆದರುತ್ತಿದ್ದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಸಂಜೆ ಮಹಡಿಯಲ್ಲಿ ನಾಗರತ್ನ ಮಗುವಿಗೆ ಬೆಣ್ಣೆಯಲ್ಲಿ ಮೊಟ್ಟೆ ಹೊಯ್ಯುತ್ತಿದ್ದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ. "ತಿಂತೀರಾ ಅಕ್ಕ? ನಾನ್ಯಾರಿಗೂ ಹೇಳಲ್ಲ," ಎಂದಳು. ತಿಂದೆ. ಆಮೇಲೆ ಅದು ರೂಢಿಯಾಯಿತು. ಹಸಿವಲ್ಲ ಅದು. ಚಪಲ ಎಂದರೂ ಪೂರ್ತಿ ನಿಜವಲ್ಲ. ಆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಾಗ ನಾನು ಯಾರ ಸೊಸೆಯೂ ಆಗಿರಲಿಲ್ಲ—ಏನೋ ಹಾಗೆ. ಅವಳ ಗುಟ್ಟು ನನ್ನ ಹತ್ತಿರ, ನನ್ನದು ಅವಳ ಹತ್ತಿರ. ಅವಳು ಕೊನೆಯವರೆಗೂ ಅದನ್ನು ಕಾಪಾಡಿದಳು.

ಒಂದು ದಿನ ಅತ್ತೆ ಮಠಕ್ಕೆ ಹೋಗಿದ್ದಾಗ ಅವಳು ಬೇಯಿಸಿದ ಮೊಟ್ಟೆ ಎರಡನ್ನು ಕೊಟ್ಟಳು. ಕೋಣೆಯ ಒಳಗೇ ಕೂತು ತಿನ್ನುತ್ತೇನೆ ಎಂದು ಅವಳಿಗೆ ಹೇಳಿ, ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗೆ ತಂದೆ. ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬಿಸಿಲಿಗೆ ಬೆನ್ನು ಕೊಟ್ಟುಕೊಂಡು ತಿಂದೆ. ಸಿಪ್ಪೆಯನ್ನೆಲ್ಲ ಆರಿಸಿ ಪೇಪರಿನಲ್ಲಿ ಸುತ್ತಿದೆ ಎಂದೇ ತಿಳಿದಿದ್ದೆ.

ಮಾರನೆಯ ಬೆಳಿಗ್ಗೆ ಅತ್ತೆ ಮಡಿಯುಟ್ಟು ಹೂ ಬಿಡಿಸಲು ಹೋದವರು ಕರೆದರು. "ಸುಧಾ, ಬಾ ಇಲ್ಲಿ." ಕಲ್ಲಿಗೂ ಗೋಡೆಗೂ ನಡುವೆ, ಕನಕಾಂಬರದ ಬುಡದಲ್ಲಿ, ಅರ್ಧ ಸಿಪ್ಪೆ ಬಿದ್ದಿತ್ತು. ಬೆಳ್ಳಗೆ. ಅವರು ಅದನ್ನು ನೋಡಿ, ನನ್ನನ್ನು ನೋಡಿದರು.

"ಹಳೇದೆಲ್ಲ ಮತ್ತೆ ಶುರು ಮಾಡಿದ್ಯಾ?"

ಕಾಗೆ ತಂದು ಹಾಕಿರಬೇಕು ಎಂದಿದ್ದರೂ ಸಾಕಿತ್ತು. ಎಷ್ಟೋ ಸಲ ಯೋಚಿಸಿದ್ದೇನೆ—ಅಷ್ಟು ಸಣ್ಣ ಸುಳ್ಳು ನನಗೆ ಹೊಳೆಯಲಿಲ್ಲವಲ್ಲ. "ನನ್ನದಲ್ಲ. ಮಹಡಿಯವರದಿರಬೇಕು," ಎಂದೆ. ಬಾಯಿ ತಪ್ಪಿ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ತಪ್ಪಿ ಬಂದದ್ದಲ್ಲ. ಹೇಳುವ ಮುಂಚೆ ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ಭವ್ಯಳ ಮುಖ ನನ್ನ ಕಣ್ಣ ಮುಂದೆ ಬಂತು. ಬಂದ ಮೇಲೂ ಹೇಳಿದೆ.

ಅತ್ತೆ ಮಹಡಿಯವರನ್ನು ಅಂಗಳಕ್ಕೆ ಕರೆಸಿದರು. ಶಿವಣ್ಣ ಆಗಲೇ ಡ್ಯೂಟಿಗೆ ಹೋಗಿದ್ದ. ನಾಗರತ್ನ ಒಬ್ಬಳೇ ಇಳಿದು ಬಂದಳು, ಕೈಯಲ್ಲಿ ಬೆಣ್ಣೆಯ ಪಸೆ. ಸಿಪ್ಪೆಯನ್ನು ಕಂಡ ಕೂಡಲೇ ಅವಳ ಮುಖ ಬಿಳುಚಿಕೊಂಡಿತು.

"ಹೌದಮ್ಮ. ಮೊಟ್ಟೆ ಬೇಯಿಸ್ತೀನಿ. ಮಗೀಗೆ ಮಾತ್ರ. ಡಾಕ್ಟ್ರೇ ಹೇಳಿರೋದು."

"ಮೊಟ್ಟೆ ತಿಂದ್ರೆ ಫಿಟ್ಸ್ ನಿಲ್ಲತ್ತೆ ಅಂತ ಯಾವ ಡಾಕ್ಟ್ರು ಹೇಳ್ತಾರೆ?"

"ಬರೀ ಮೊಟ್ಟೆ ಅಲ್ಲಮ್ಮ, ಅದೊಂದು ಪಥ್ಯ. ಮಟನ್ನು ಮೀನು ಏನೂ ತಂದಿಲ್ಲಮ್ಮ, ದೇವ್ರಾಣೆ. ಅದಿಲ್ದಂಗೇ ಆಗ್ಬೇಕು ಅಂತ ಕೇಳ್ಕೊಂಡ್ ಬಂದೆ. ಮಗ ಈಗ ಎಷ್ಟು ಸುಧಾರಿಸ್ಯವಳೆ, ನೀವೇ ನೋಡ್ತಿದ್ದೀರಲ್ಲ."

ಅತ್ತೆ ಅನುಮಾನದಲ್ಲಿ ನಿಂತರು. ನಿಜವಾಗಿಯೂ ಒಂದು ಗಳಿಗೆ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. "ನೀನು ದಿನಾ ಮೇಲೆ ಹೋಗ್ತಿದ್ಯಲ್ಲ. ಇವಳು ಹೇಳೋದು ನಿಜಾನಾ? ನಿನಗೆ ಗೊತ್ತಿತ್ತಾ?"

"ನನಗೇನೂ ಗೊತ್ತಿಲ್ಲ," ಎಂದೆ.

ನಾಗರತ್ನ ನನ್ನನ್ನು ನೋಡಿದಳು. ಅವಳು ಆಗ ಒಂದು ಮಾತು ಆಡಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಡಲಿಲ್ಲ. ತಲೆ ತಗ್ಗಿಸಿ, "ತಪ್ಪಾಯ್ತಮ್ಮ," ಎಂದಳು.

ತಿಂಗಳು ಮುಗಿಯುವುದರೊಳಗೆ ಮನೆ ಖಾಲಿ ಮಾಡಬೇಕೆಂದಾಯಿತು. ಅತ್ತೆಯ ಸಿಟ್ಟು ಮೊಟ್ಟೆಗಿಂತ ಹೆಚ್ಚಾಗಿ, ಮಾತು ಕೊಟ್ಟು ತಪ್ಪಿದರು ಎನ್ನುವುದರ ಮೇಲಿತ್ತು. ಬೀದಿಯಲ್ಲಿ ಕೇಳಿದವರಿಗೆಲ್ಲ ಹಾಗೇ ಹೇಳಿದರು. ಸುಳ್ಳು ಹೇಳಿ ಮನೆ ಸೇರಿದವರು ಎಂದು ನಮ್ಮ ಅಕ್ಕಪಕ್ಕದವರು ಇಂದಿಗೂ ಆ ಸಂಸಾರವನ್ನು ನೆನೆಯುತ್ತಾರೆ. ನಾನು ಇದನ್ನು ಬರೆದು ಅಚ್ಚಿಗೆ ಕೊಡುತ್ತಿರುವುದಕ್ಕೆ ಅದೂ ಒಂದು ಕಾರಣ. ಹತ್ತಿರದಲ್ಲಿ ಅವರಿಗೆ ಬೇರೆ ಮನೆ ಸಿಗಲಿಲ್ಲ. ಹೋದಲ್ಲೆಲ್ಲ ಅದೇ ಪ್ರಶ್ನೆ, ಈಗ ಸುಳ್ಳು ಹೇಳಲು ಶಿವಣ್ಣನಿಗೆ ಬಾಯಿ ಬರುತ್ತಿರಲಿಲ್ಲ. ಕೊನೆಗೆ ಚಾಮರಾಜಪೇಟೆಯಲ್ಲಿದ್ದ ಅವನ ಅಕ್ಕನ ಮನೆಗೆ ಸಾಮಾನು ಸಾಗಿಸಿದರು. ಹೊರಡುವಾಗ ನಾಗರತ್ನ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಗೊತ್ತಿಲ್ಲ ಅಂದಿದ್ದೇ ಒಳ್ಳೇದಾಯ್ತು ಬಿಡಿ ಅಕ್ಕ. ನಿಮಗ್ಯಾಕೆ ಮನೇಲಿ ರಂಪ."

ಅವಳನ್ನು ಮತ್ತೆ ನೋಡಿದ್ದು ಏಳೆಂಟು ವರ್ಷಗಳ ಮೇಲೆ. ನಾದಿನಿಯ ಮಗಳ ಮದುವೆಗೆ ಸೀರೆ ತರಲು ಮಲ್ಲೇಶ್ವರಕ್ಕೆ ಹೋಗಿದ್ದೆ. ಸಂಪಿಗೆ ರಸ್ತೆಯಲ್ಲಿ ಹಿಂದಿನಿಂದ "ಅಕ್ಕಾ" ಎಂದು ಕೇಳಿಸಿತು. ಕೂದಲು ಬೆಳ್ಳಗಾಗಿದ್ದರೂ ಗುರುತು ಸಿಕ್ಕಿತು. ಪಕ್ಕದಲ್ಲಿ ಎತ್ತರದ ಹುಡುಗಿ, ಬಲಗೈ ಮೊಣಕೈಯಲ್ಲಿ ಮಡಚಿ ಎದೆಗೆ ಒತ್ತಿಕೊಂಡಿತ್ತು. "ಭವ್ಯ, ಕೆಳಗಿನ ಮನೆ ಆಂಟಿ ಕಣೇ," ಎಂದಳು ನಾಗರತ್ನ. ಹುಡುಗಿ ನಕ್ಕಳು. "ನ...ಮಸ್ತೆ ಆಂಟಿ" ಎನ್ನಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ನಾಗರತ್ನ ಹೇಳಿದಳು. ಅತ್ತಿಗೆಯ ಮನೆಯಲ್ಲಿ ಹತ್ತು ಜನ. ಇರುವುದೊಂದು ಒಲೆ, ತೂಗಿ ಬೇಯಿಸಲು ಯಾರಿಗೂ ಪುರುಸೊತ್ತಿಲ್ಲ. ಮಗುವಿಗೆ ಅನ್ನವನ್ನೇ ಕೊಡದ ತಾಯಿ ಎಂದು ಹಿರಿಯರು ಬೈಯುತ್ತಿದ್ದರು. ಅವಳು ಬಟ್ಟೆ ಒಗೆಯಲು ಹೋದಾಗ ಯಾರೋ ಕನಿಕರದಿಂದ ಅನ್ನ ಸಾರು ಕಲಸಿ ತಿನ್ನಿಸಿದರು. ಒಮ್ಮೆಯಲ್ಲ. ಫಿಟ್ಸ್ ತಿರುಗಿ ಬಂತು. ಒಂದು ಸಲ ಬಂದದ್ದು ನಿಲ್ಲಲೇ ಇಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಮಗು ಉಳಿಯಿತು. ಕೈ ಮತ್ತು ಮಾತು ಮೊದಲಿನಂತೆ ಉಳಿಯಲಿಲ್ಲ.

"ಪಥ್ಯ ಮುರಿದಿದ್ದಕ್ಕೇ ಹಿಂಗಾಯ್ತಾ ಅಂತ ಕೇಳ್ದೆ. ಖಂಡಿತ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು," ಎಂದಳು. "ಎಲ್ಲ ನನ್ನಿಂದ ಅಕ್ಕ. ಒಂದು ಸಿಪ್ಪೆ ನೋಡ್ಕೊಂಡು ಪೇಪರ್ನಲ್ಲಿ ಸುತ್ತಕ್ಕಾಗ್ಲಿಲ್ಲ ನನ್ ಕೈಲಿ. ಅದೊಂದು ಮೇಲಿಂದ ಕೆಳಗೆ ಬೀಳ್ದೆ ಇದ್ದಿದ್ರೆ ಆ ಮನೇಲೇ ಇರ್ತಿದ್ವಿ. ದಿನಾ ಅನ್ಕೋತೀನಿ."

ದಿನಾ. ಏಳೆಂಟು ವರ್ಷದಿಂದ, ದಿನಾ.

ಹೇಳಬೇಕಾಗಿದ್ದದ್ದು ಆಗ. ಅತ್ತೆ ಅಲ್ಲಿರಲಿಲ್ಲ, ನನ್ನ ಗಂಡ ಇರಲಿಲ್ಲ, ನನ್ನನ್ನು ಹೆದರಿಸುವವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ. ನಾನು ಅವಳ ಬೆನ್ನು ಸವರಿ, "ಹಾಗೆಲ್ಲ ಅನ್ಕೋಬೇಡ ನಾಗರತ್ನ," ಎಂದೆ. ಅಷ್ಟೇ ಎಂದೆ. ಅವಳು ಕಣ್ಣೊರೆಸಿಕೊಂಡು, ತಾವೀಗ ಚಾಮರಾಜಪೇಟೆಯಲ್ಲೇ, ಅತ್ತಿಗೆಯ ಬೀದಿಯಲ್ಲಿ ಬೇರೆ ಮನೆ ಮಾಡಿರುವುದಾಗಿ ಹೇಳಿ, ಒಮ್ಮೆ ಬನ್ನಿ ಎಂದು ಕರೆದು ಹೋದಳು. ನಾನು ಸೀರೆ ಅಂಗಡಿಗೆ ಹೋದೆ. ಹೋಗಿ, ಸೀರೆ ಆರಿಸಿದೆ.

ಮೊದಲನೆಯ ತಪ್ಪಿಗೆ ಭಯ ಎಂಬ ಹೆಸರಾದರೂ ಇದೆ. ಎರಡನೆಯದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಆಮೇಲೂ ವರ್ಷಗಳು ಹೋದವು. ಅತ್ತೆ ಹಾಸಿಗೆ ಹಿಡಿದರು. ನಾನೇ ನೋಡಿಕೊಂಡೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, ಯಾವ ನೆನಪು ಬಂತೋ, "ಆ ಮಹಡಿ ಮಗು ಹೇಗಿದೆಯೋ," ಎಂದರು. "ನಿಜವಾಗ್ಲೂ ಖಾಯಿಲೆಗೇ ಕೊಡ್ತಿದ್ಳೋ ಏನೋ. ನೀನು ಓದಿದೋಳು. ನೀನು ಒಂದು ಮಾತು ಹೌದು ಅಂದಿದ್ರೆ ನಂಬ್ತಿದ್ದೆ ನಾನು." ಇಷ್ಟು ವರ್ಷ, ಹೇಗಿದ್ದರೂ ಅತ್ತೆ ಒಪ್ಪುತ್ತಿರಲಿಲ್ಲ ಎಂಬ ಒಂದೇ ಊರುಗೋಲನ್ನು ಹಿಡಿದು ನಿಂತಿದ್ದೆ. ಅದನ್ನು ಅವರೇ ತೆಗೆದುಕೊಂಡರು. ಅವರಿಗೂ ನಾನು ನಿಜ ಹೇಳಲಿಲ್ಲ. ಕೆಲವು ವಾರಗಳಲ್ಲಿ ಹೋಗಿಬಿಟ್ಟರು, ತಾನು ತಪ್ಪು ಮಾಡಿದೆನೋ ಎಂಬ ಅನುಮಾನವನ್ನು ಜೊತೆಗಿಟ್ಟುಕೊಂಡು. ಅದನ್ನೂ ನನ್ನ ಲೆಕ್ಕಕ್ಕೇ ಸೇರಿಸಬೇಕು.

ಅತ್ತೆಯ ವರ್ಷಾಂತಿಕ ಮುಗಿದ ಮೇಲೆ ಗಂಡನಿಗೆ ಹೇಳಿದೆ. "ಇಷ್ಟು ವರ್ಷ ಆದ ಮೇಲೆ ಹೋಗಿ ಹೇಳಿ ಏನು ಬರುತ್ತೆ ಸುಧಾ? ಅವಳಿಗೆ ಮತ್ತೆ ನೋವು. ನಿನ್ನ ಮನಸ್ಸು ಹಗುರ ಮಾಡ್ಕೊಳಕ್ಕೆ ಹೋಗ್ತೀಯಾ?" ಎಂದರು. ಆ ಮಾತು ಸರಿಯಾಗಿಯೇ ಇತ್ತು. ಉತ್ತರ ಹುಡುಕುತ್ತ ಒಂದು ವಾರ ಕೂತೆ. ಸಿಕ್ಕಿದ್ದು ಇಷ್ಟೇ: ನನ್ನ ಮನಸ್ಸು ಹಗುರವಾಗಲಿ ಬಿಡಲಿ, ಮಾಡದ ತಪ್ಪನ್ನು ಅವಳು ದಿನವೂ ಹೊರುತ್ತಿದ್ದಾಳೆ. ಅದನ್ನು ಇಳಿಸಲು ನನ್ನೊಬ್ಬಳಿಗೇ ಆಗುವುದು.

ಒಂದು ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಗೆ ಹೋದೆ. ಡಿಪೋದ ಶಿವಣ್ಣ ಎಂದು ಕೇಳಿದರೆ ಮನೆ ತೋರಿಸಿದರು. ನಾಗರತ್ನ ಹೊಸ್ತಿಲ ಹತ್ತಿರ ಸೊಪ್ಪು ಬಿಡಿಸುತ್ತ ಕೂತಿದ್ದಳು. "ಅಯ್ಯೋ, ಬನ್ನಿ ಅಕ್ಕ," ಎಂದು ಎದ್ದು ಕುರ್ಚಿ ಎಳೆದಳು, ಕಾಫಿಗೆ ಇಡಲು ಹೊರಟಳು. ಬೇಡವೆಂದು ತಡೆದೆ. ಕಾಫಿ ಕುಡಿದ ಮೇಲೆ ಹೇಳುವುದು ಇನ್ನೂ ಕಷ್ಟವಾಗುತ್ತಿತ್ತು.

ಹೇಳಿದೆ. ಒಗೆಯುವ ಕಲ್ಲು, ಎರಡು ಮೊಟ್ಟೆ, ಕನಕಾಂಬರದ ಬುಡ. 'ಮಹಡಿಯವರದಿರಬೇಕು' ಎಂದ ಮಾತು. ಅತ್ತೆ ಕೊನೆಗೆ ಅಂದದ್ದು. ಒಂದನ್ನೂ ಬಿಡಲಿಲ್ಲ. ಅವಳ ಕೈ ಸೊಪ್ಪಿನ ಮೇಲೆ ಹಾಗೇ ಇತ್ತು. ಬೈಯಲಿಲ್ಲ, ಅಳಲಿಲ್ಲ. ಅಂಗಳದಲ್ಲಿ ಮಗುವನ್ನು ಮಗ್ಗುಲಿಗೆ ತಿರುಗಿಸಿ ಕಾಯುತ್ತಿದ್ದ ಹೆಂಗಸನ್ನು ನಾನು ಬಲ್ಲೆ. ಈ ಮೌನ ಅದಲ್ಲ. ಇದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಕೇಳಿದಳು. "ಸಿಪ್ಪೆ ಬಿಡಿ. ಅತ್ತೆಗೆ ಹೆದರಿದ್ರಿ, ಅದು ನನಗೂ ಗೊತ್ತು. ಅವತ್ತು ಸಂಪಿಗೆ ರಸ್ತೇಲಿ ಯಾಕೆ ಹೇಳ್ಲಿಲ್ಲ?"

"ಗೊತ್ತಿಲ್ಲ," ಎಂದೆ. ಈ ಸಲ ಅದು ನಿಜವಾಗಿತ್ತು.

ಅವಳು ತಲೆಯಾಡಿಸಿದಳು, ಒಪ್ಪಿ ಅಲ್ಲ. ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಒಳಗಿನತ್ತ ಕೂಗಿದಳು. "ಭವ್ಯಾ, ಟಿವಿ ಆರಿಸಿ ಬಾ ಇಲ್ಲಿ." ಆಮೇಲೆ ನನ್ನ ಕಡೆ ನೋಡದೆ ಹೇಳಿದಳು. "ಅಮ್ಮನ ತಪ್ಪಿಂದ ಹಿಂಗಾಯ್ತು ಅಂತ ನಾನೇ ಅವಳ ಹತ್ರ ಎಷ್ಟೋ ಸಲ ಹೇಳ್ಕೊಂಡು ಅತ್ತಿದ್ದೀನಿ. ಈಗ ಹೇಳಿದ್ದನ್ನ ಅವಳಿಗೂ ಹೇಳಿ ಅಕ್ಕ. ನಾನು ಹೇಳೋದಲ್ಲ, ನೀವೇ ಹೇಳ್ಬೇಕು."

ಭವ್ಯ ಬಂದಳು. ಎಡಗೈಯಿಂದ ಒಂದು ಸ್ಟೂಲನ್ನು ಎಳೆದುಕೊಂಡು ನನ್ನೆದುರು ಕೂತಳು. ನಗುತ್ತಿದ್ದಳು, ಆಂಟಿ ಏನೋ ಒಳ್ಳೆಯ ಸುದ್ದಿ ತಂದಿದ್ದಾರೆ ಎಂಬಂತೆ. ಅವಳ ಮುಖವನ್ನೇ ನೋಡುತ್ತ ನಾನು ಮತ್ತೆ ಮೊದಲಿನಿಂದ ಹೇಳಲು ಶುರು ಮಾಡಿದೆ.